ಎಣ್ಣೆ ಮಿಲ್ಲು ಬಿಚ್ಚಿದ ದಿನಗಳು

ಆ ಮಿಲ್ಲಿನ ಬೀಗಕ್ಕೆ ಕೀಲಿಕೈ ಇರಲಿಲ್ಲ. ಸುತ್ತಿಗೆ ತಗೊಂಡು ಎರಡು ಏಟು ಹಾಕು ಅಂದರು ಯಜಮಾನರು. ಒಡೆಯುವುದರಿಂದ ಕೆಲಸ ಶುರುಮಾಡುವುದು ನನಗೆ ಸರಿಬರುವುದಿಲ್ಲ. ಡೀಸೆಲ್ ಬಿಟ್ಟು, ತಂತಿ ಆಡಿಸಿ, ಬೆಳಗಿನ ಹೊತ್ತೆಲ್ಲ ಅದಕ್ಕೇ ಸುರಿದು ಬಿಡಿಸಿದೆ. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಯಜಮಾನರು, "ಹಿಂಗಾದ್ರೆ ನೀನು ಮಿಲ್ ಬಿಚ್ಚೋದು ಬರೋ ಯುಗಾದಿಗೇ ಬುಡು" ಅಂದರು.

ಮಾಯಸಂದ್ರದಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಅವರ ಊರು. ಮಿಲ್ಲು ಮನೆಗೆ ಅಂಟಿಕೊಂಡೇ ಇತ್ತು. ತಿಪಟೂರಿನ ನನ್ನ ಲೇತ್ ಅಂಗಡಿಗೆ ಬಂದು ಅವರು ಒಪ್ಪಿಸಿದ ಕೆಲಸ ಇಷ್ಟೇ: ಒಳಗಿರುವ ಕಬ್ಬಿಣವನ್ನೆಲ್ಲ ಮಹಾಲಯ ಅಮಾವಾಸ್ಯೆಯ ಒಳಗೆ ಬಿಚ್ಚಿ ಅಂಗಳಕ್ಕೆ ಹಾಕಬೇಕು. ಗುಜರಿ ಲಾರಿ ಬಂದು ಒಯ್ಯುತ್ತದೆ. ಹಬ್ಬ ಕಳೆದ ಮೇಲೆ ಗೋಡೆ ಕೆಡವಿ ಅಲ್ಲಿ ಕೊಬ್ಬರಿ ಶೆಡ್ ಕಟ್ಟುತ್ತಾರೆ. ಮನೆಗೂ ಮಿಲ್ಲಿಗೂ ನಡುವೆ ಒಂದು ಬಾಗಿಲಿತ್ತು. ಅದಕ್ಕೆ ಅಡ್ಡಪಟ್ಟಿ ಇಟ್ಟು ಮೊಳೆ ಜಡಿದಿದ್ದರು. ಯಾಕೆ ಅಂತ ಕೇಳುವ ಮೊದಲೇ ಯಜಮಾನರು, "ಅದನ್ ಮುಟ್ಬೇಡ" ಅಂದರು. ನಾನೂ ಕೇಳಲಿಲ್ಲ.

ಒಳಗೆ ಮೂಲೆಯ ಗುಂಡಿಯಲ್ಲಿ ಡೀಸೆಲ್ ಎಂಜಿನ್ನು, ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಹಾಯುವ ಉದ್ದನೆಯ ಶಾಫ್ಟು, ಅದರ ಕೆಳಗೆ ಎರಡು ಗಾಣ, ಬಾಗಿಲ ಪಕ್ಕದಲ್ಲಿ ಕೊಬ್ಬರಿ ಕೊಚ್ಚುವ ಕಟ್ಟರು. ಎಂಜಿನ್ ಒಂದು ಸಲ ಶುರುವಾಯಿತೆಂದರೆ ಮೇಲಿನ ಶಾಫ್ಟು ಸುತ್ತುತ್ತಲೇ ಇರುತ್ತದೆ. ಕಟ್ಟರನ್ನು ಮಾತ್ರ ಬೇಕಾದಾಗ ಓಡಿಸಿ ಬೇಡವಾದಾಗ ನಿಲ್ಲಿಸಬೇಕಲ್ಲ, ಅದಕ್ಕಾಗಿ ಅದರ ಪಕ್ಕದಲ್ಲಿ ಎರಡು ಪುಲ್ಲಿ. ಒಂದು ಬಿಗಿ ಪುಲ್ಲಿ, ಕಟ್ಟರಿನ ಶಾಫ್ಟಿಗೇ ಕೂರಿಸಿದ್ದು. ಬೆಲ್ಟು ಅದರ ಮೇಲೆ ಬಂದರೆ ಕಟ್ಟರು ತಿರುಗುತ್ತದೆ. ಇನ್ನೊಂದು ಸಡಿಲ ಪುಲ್ಲಿ. ಅದೇ ಶಾಫ್ಟಿನ ಮೇಲೆ, ನಡುವೆ ಒಂದು ಹಿತ್ತಾಳೆ ಕೊಳವೆ, ಅಂದರೆ ಬುಷ್, ಇಟ್ಟು ಕೂರಿಸಿದ್ದು. ಬೆಲ್ಟು ಅದರ ಮೇಲಿದ್ದಾಗ ಪುಲ್ಲಿ ತನ್ನ ಪಾಡಿಗೆ ಸುತ್ತುತ್ತದೆ, ಕಟ್ಟರು ನಿಂತಿರುತ್ತದೆ. ಬೆಲ್ಟನ್ನು ಇಲ್ಲಿಂದ ಅಲ್ಲಿಗೆ ಸರಿಸಲು ಒಂದು ಮರದ ಕೋಲು. ಬಿಗಿ ಕಡೆಗೆ ತಳ್ಳಿದರೆ ಬೆಲ್ಟ್ ಕೊಟ್ಟಂತೆ, ಸಡಿಲ ಕಡೆಗೆ ಎಳೆದರೆ ಬೆಲ್ಟ್ ತೆಗೆದಂತೆ. ಮಿಲ್ಲಿನವರ ಮಾತೇ ಹಾಗೆ.

ಎಂಜಿನ್ನಿನ ಫ್ಲೈವೀಲ್ ಇಳಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಊರಿನ ಇಬ್ಬರು ಆಳುಗಳು ಸಹಾಯಕ್ಕಿದ್ದರು, ಆದರೆ ಅವರಿಗೆ ಬೀಡಿಯ ಮೇಲಿದ್ದ ಗಮನ ಸರಪಳಿಯ ಮೇಲಿರಲಿಲ್ಲ. ಅವರ ಮೇಲೆ ಕೂಗಾಡುತ್ತಿದ್ದಾಗ ಹುಳಿಯಾರು ಕಡೆಯಿಂದ ಯಜಮಾನರ ತಂಗಿ ಬಂದಿಳಿದರು. ಅರವತ್ತು ದಾಟಿದ ತೆಳ್ಳಗಿನ ಹೆಂಗಸು. ಚೀಲವನ್ನು ಜಗಲಿಯ ಮೇಲಿಟ್ಟು, ಅಣ್ಣ ಕೊಟ್ಟ ನೀರನ್ನೂ ಮುಟ್ಟದೆ ನೇರ ಮಿಲ್ಲಿನೊಳಕ್ಕೆ ಬಂದರು.

"ಎಲ್ಲಾ ಬಿಚ್ಬುಟ್ಯೇನಪ್ಪ?"

"ಇಲ್ಲಮ್ಮ, ಎಂಜಿನ್ ಅಷ್ಟೇಯ."

"ಕಟ್ಟರು?"

"ಅದನ್ನಿನ್ನೂ ಮುಟ್ಟಿಲ್ಲ."

ಅವರು ಗಾಣದ ಕಟ್ಟೆಯ ಮೇಲೆ ಕೂತರು. ಆಳುಗಳನ್ನು ಟೀ ಕುಡಿಯಲು ಕಳಿಸಿದ ಮೇಲೆ ಮಾತು ತೆಗೆದರು. ಅವರ ಅಪ್ಪ ತೀರಿಕೊಂಡದ್ದು ಆ ಕಟ್ಟರಿನಲ್ಲಿ.

"ನಾನಿನ್ನೂ ಸಣ್ಣೋಳು. ಅವತ್ತು ಮೈ ಕೊರೆಯೋ ಚಳಿ. ಜಡೆ ಹಾಕು ಅಂತ ಅವ್ವನ ಹಿಂದೆ ಬಿದ್ದಿದ್ದೆ. ಎಣ್ಣೆ ಶೀಸೆ ಬೋರ್ಲು ಹಾಕುದ್ರೂ ಒಂದ್ ತೊಟ್ಟು ಬೀಳ್ನಿಲ್ಲ. 'ಬಿಸ್ಲು ಬರ್ಲಿ ಇರೇ' ಅಂತ ಶೀಸೆನ ಕಿಟಕೀಲಿಟ್ಟು ಅಪ್ಪನ ಜೊತೆ ಕೆಲ್ಸಕ್ಕೆ ಒಳೀಕ್ ಹೋದ್ಲು. ನನ್ ಜಡೆ ಹಂಗೇ ಉಳ್ಕತ್ತು."

ಆ ದಿನ ಕಟ್ಟರಿನ ಬಾಯಲ್ಲಿ ಕೊಬ್ಬರಿ ಸಿಕ್ಕಿಕೊಂಡಿತ್ತು. ಅಪ್ಪ ಬೆಲ್ಟ್ ತೆಗೆಸಿ, ಬಾಯೊಳಗೆ ಕೈಹಾಕಿ ಬಿಡಿಸುತ್ತಿದ್ದಾಗ ಕಟ್ಟರು ತಿರುಗಿತು. ಕೂಗು ಕೇಳಿ ಜನ ಓಡಿಬಂದಾಗ ಅವ್ವನ ಕೈ ಬೆಲ್ಟಿನ ಕೋಲಿನ ಮೇಲಿತ್ತು, ಕೋಲು ಬಿಗಿ ಪುಲ್ಲಿಯ ಕಡೆಗಿತ್ತು. ಅಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ತುರುವೇಕೆರೆ ಕಡೆಗೆ ಹೊರಟರು, ತಲುಪುವುದರೊಳಗೆ ಮುಗಿದಿತ್ತು. ಹೆಂಡತಿಯೇ ಬೆಲ್ಟ್ ಕೊಟ್ಟಳು ಎಂದು ಊರು ಮಾತಾಡಿಕೊಂಡಿತು. ಗಮನವಿಲ್ಲದೆ ಕೊಟ್ಟಳು ಅಂದವರು ಒಳ್ಳೆಯವರು. ಮನೆಯ ಯಜಮಾನಿಕೆ ಹಿಡಿದಿದ್ದ ಅಪ್ಪನ ಅಕ್ಕ, ತಿಥಿ ಮುಗಿಯುವವರೆಗೂ ಕಾಯದೆ ಅವ್ವನನ್ನು ಹುಳಿಯಾರು ಕಡೆಯ ತವರಿಗೆ ಅಟ್ಟಿದರು. ಹೆಣ್ಣುಮಗುವನ್ನು ಜೊತೆಗೆ ಕಳಿಸಿದರು, ವಂಶದ ಗಂಡುಮಗನನ್ನು ಉಳಿಸಿಕೊಂಡರು. ಮಿಲ್ಲಿಗೆ ಬೀಗ ಬಿತ್ತು, ನಡುಬಾಗಿಲಿಗೆ ಮೊಳೆ ಬಿತ್ತು. ಆಮೇಲೆ ಎಂಜಿನ್ ಓಡಲೇ ಇಲ್ಲ.

"ಅವ್ವ ಸಾಯೋಗಂಟ ಒಂದೇ ಮಾತು. 'ನಾನು ನಿಲ್ಸಕ್ಕೇ ಹೋದೆ ಕಣೇ.' ಕೇಳೋರ್ಯಾರು?"

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಬಂದಿರಿ ಎಂದು ಕೇಳಿದೆ. ನನ್ನ ಬಾಯಿ ಸ್ವಲ್ಪ ಒರಟು. ಅವರು ಬೇಸರಪಡಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಕ್ಕುತ್ತಾರೆ. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ, ಎಲೆಯ ಮೇಲೆ ಅವರವರಿಗೆ ಇಷ್ಟವಾಗಿದ್ದದ್ದು. ಅಪ್ಪನಿಗೆ ಎಡೆ ಇದೆ, ಅವ್ವನನ್ನು ಅಟ್ಟಿದ ಅತ್ತೆಗೂ ಇದೆ, ಅವ್ವನಿಗಿಲ್ಲ. ಮಗಳು ತನ್ನ ಗಂಡನ ಮನೆಯಲ್ಲಿ ಹೆತ್ತವರಿಗೆ ಎಡೆ ಇಕ್ಕುವ ಪದ್ಧತಿ ಅವರಲ್ಲಿಲ್ಲ. ಮಗನ ಮನೆಯಲ್ಲೇ ಆಗಬೇಕು. ಮಗ ಒಲ್ಲೆ ಅಂದರೆ ಆ ಜೀವಕ್ಕೆ ಎಲ್ಲೂ ಎಲೆಯಿಲ್ಲ.

"ಈ ಕಬ್ಬಿಣ ಗುಜರಿಗೆ ಹೋದ್ಮೇಲೆ ಕೇಳಕ್ಕೆ ಇನ್ನೇನ್ ಉಳೀತದಪ್ಪ? ಅವ್ವ ಬೆಲ್ಟ್ ಕೊಟ್ಲೋ ಇಲ್ವೋ, ನೋಡಿ ಹೇಳು."

"ಅಮ್ಮಾ, ನಾನು ಫಿಟ್ಟರು, ಪೊಲೀಸ್ನೋನಲ್ಲ" ಅಂದೆ. ಅಂದರೂ ಎದ್ದು ಹೋಗಿ ಕೋಲು ನೋಡಿದೆ. ಅದು ಬಿಗಿ ಪುಲ್ಲಿಯ ಕಡೆಗೇ ಇತ್ತು. ಕೋಲು ಜಾರುವ ಕಬ್ಬಿಣದ ಹಿಡಿಕೆ ಅದೇ ಜಾಗದಲ್ಲಿ ತುಕ್ಕು ಹಿಡಿದು ಕೂತಿತ್ತು, ಆಮೇಲೆ ಯಾರೂ ಸರಿಸಿದಂತಿರಲಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಕಂಡದ್ದನ್ನೇ ಹೇಳಿದೆ.

"ಗೊತ್ತು ಕಣಪ್ಪ" ಅಂದರು. "ಅಣ್ಣ ಕಂಡಿದ್ದೂ ಅದನ್ನೇ. ಎಲ್ಲಾರ್ಗಿಂತ ಮುಂಚೆ ಒಳೀಕ್ ಓಡಿದ್ದು ಅವ್ನೇ. ಅವ್ವನ ಕೈ ಕೋಲ್ ಮೇಲಿತ್ತು ಅಂತ ಹೇಳ್ದೋನೂ ಅವ್ನೇ."

ಆ ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆ, ಹುರುಳಿ ಸಾರು. ಅಣ್ಣ ತಂಗಿ ಒಂದೇ ನಡುಮನೆಯಲ್ಲಿ ಕೂತು ಉಂಡರು, ಒಬ್ಬರು ಈ ಗೋಡೆಗೆ, ಒಬ್ಬರು ಆ ಗೋಡೆಗೆ ಮುಖ ಮಾಡಿ. ಈ ಕೆಲಸ ಯಾಕಾದರೂ ಒಪ್ಪಿಕೊಂಡೆನೋ ಅನ್ನಿಸಿತು.

ಮಾರನೆಯ ಬೆಳಗ್ಗೆ ಕಟ್ಟರು ಬಿಚ್ಚಲು ಕೂತೆ. ಇಂಥ ಯಂತ್ರಕ್ಕೆ ಕೈಹಾಕುವ ಮೊದಲು ಯಾವುದು ತಿರುಗುತ್ತದೆ, ಯಾವುದು ಕಚ್ಚಿದೆ ಎಂದು ನೋಡಿಕೊಳ್ಳಬೇಕು. ಶಾಫ್ಟಿನ ಎರಡು ತುದಿಯ ಬೇರಿಂಗಿಗೆ ಡೀಸೆಲ್ ಬಿಟ್ಟು, ಹಳೆಯ ಗ್ರೀಸ್ ತೊಳೆದು, ಬಿಗಿ ಪುಲ್ಲಿ ಹಿಡಿದು ಅಲುಗಾಡಿಸಿದೆ. ಕಿರುಗುಟ್ಟಿದರೂ ಶಾಫ್ಟು ತಿರುಗಿತು. ಆಮೇಲೆ ಸಡಿಲ ಪುಲ್ಲಿಯನ್ನು ಹಿಡಿದು ತಿರುಗಿಸಿದೆ. ಅದು ಒಂಟಿಯಾಗಿ ತಿರುಗಬೇಕು. ತಿರುಗಲಿಲ್ಲ. ಶಾಫ್ಟನ್ನೂ ಬಿಗಿ ಪುಲ್ಲಿಯನ್ನೂ ಕಟ್ಟರಿನ ಅಲಗುಗಳನ್ನೂ ಜೊತೆಗೆ ಎಳೆದುಕೊಂಡು ತಿರುಗಿತು. ಒಳಗೆ ಅಲಗು ಕರ್ರೆಂದಾಗ ನಾನು ತಟ್ಟನೆ ಕೈ ತೆಗೆದೆ.

ತುಕ್ಕು ಅಂದುಕೊಂಡೆ. ಇಷ್ಟು ವರ್ಷ ನಿಂತ ಯಂತ್ರ, ಕಚ್ಚಿಕೊಳ್ಳದೆ ಇನ್ನೇನು. ಬುಷ್ಷಿನ ಎಣ್ಣೆ ತೂತಿಗೆ ಡೀಸೆಲ್ ಬಿಟ್ಟೆ, ಒಂದು ಹನಿಯೂ ಇಳಿಯಲಿಲ್ಲ. ತಂತಿ ಚುಚ್ಚಿ ಕೆದಕಿದಾಗ ತುಕ್ಕಿನ ಪುಡಿ ಬರಲಿಲ್ಲ. ಕಂದು ಬಣ್ಣದ, ಗೋಂದಿನಂಥ ಅಂಟು ಬಂತು. ಅದನ್ನು ತಂತಿಯ ತುದಿಯಲ್ಲಿ ಹಿಡಿದು ಲೈಟರ್ ತೋರಿಸಿದೆ. ಕರಗಿ ಚಿರ್ರೆಂದಿತು. ಕೌಟು ಕೊಬ್ಬರಿಯ ವಾಸನೆ ಮೂಗಿಗೆ ಹೊಡೆಯಿತು.

ಕೊಬ್ಬರಿ ಎಣ್ಣೆ. ನಮ್ಮ ಸೀಮೆಯವರು ಮಾಡುವ ತಪ್ಪೇ ಇದು. ಬಂಡಿಯ ಅಚ್ಚಿಗೂ ಅದೇ, ಬಾಗಿಲ ತಿರುಗಣಿಗೂ ಅದೇ, ಹೊಲಿಗೆ ಮಿಷನ್ನಿಗೂ ಅದೇ. ಮನೆಯಲ್ಲಿ ಎಣ್ಣೆ ಹರಿಯುತ್ತಿರುವಾಗ ಯಂತ್ರಕ್ಕೆಂದು ಬೇರೆ ಎಣ್ಣೆಯನ್ನು ತಿಪಟೂರಿನಿಂದ ಯಾರು ತರುತ್ತಾರೆ? ಎಣ್ಣೆ ತೆಗೆಯುವ ಮಿಲ್ಲಿನಲ್ಲಂತೂ ಕೇಳುವುದೇ ಬೇಡ. ಬೇಸಿಗೆಯಲ್ಲಿ ನಡೆಯುತ್ತದೆ. ಚಳಿ ಬಿದ್ದಾಗ ಅದು ಹೆಪ್ಪುಗಟ್ಟುತ್ತದೆ, ತೂತಿನಲ್ಲೇ ಕೂರುತ್ತದೆ, ಬುಷ್ಷಿಗೆ ಇಳಿಯುವುದಿಲ್ಲ. ಆಗ ಪುಲ್ಲಿ ಒಣಗಿದ ಬುಷ್ಷಿನ ಮೇಲೆ ಸುತ್ತಿ ಸುತ್ತಿ ಕಾದು ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಸಡಿಲ ಪುಲ್ಲಿಗೂ ಬಿಗಿ ಪುಲ್ಲಿಗೂ ವ್ಯತ್ಯಾಸವಿಲ್ಲ. ಬೆಲ್ಟ್ ತೆಗೆದಿದ್ದರೂ ಕಟ್ಟರು ತಿರುಗುತ್ತದೆ.

ಅಷ್ಟು ಹೊತ್ತಿಗೆ ನನಗೆ ಕಿಟಕಿಯಲ್ಲಿಟ್ಟ ಶೀಸೆ ನೆನಪಾಯಿತು. ಬೋರಲು ಹಾಕಿದರೂ ತೊಟ್ಟು ಬೀಳದ ತಲೆಗೆಣ್ಣೆ. ಅದೇ ಬೆಳಗ್ಗೆ, ಅದೇ ಎಣ್ಣೆ, ಗೋಡೆಯ ಈಚೆ ಈ ತೂತಿನಲ್ಲೂ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಾಗೆ ಕೂತಿರುವಾಗಲೇ ಗ್ಯಾಸಿನ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುವವನು ಸಿಲಿಂಡರ್ ಸಮೇತ ಬಂದ. ಕೆಲಸ ನಿಧಾನವಾಯಿತೆಂದು ಯಜಮಾನರೇ ಕರೆಸಿದ್ದರು. ಅವನು ನಳಿಗೆ ಜೋಡಿಸುತ್ತಾ, "ಆ ಪುಲ್ಲಿಯಿಂದ್ಲೇ ಶುರು ಮಾಡ್ಲಾ ಸಾರ್?" ಅಂದ. ಬೆಂಕಿ ತಗುಲಿದರೆ ಎಣ್ಣೆಯ ಗುರುತು ಸುಟ್ಟು ಹೋಗುತ್ತದೆ, ಹಿತ್ತಾಳೆ ಕರಗಿ ಹರಿದುಬಿಡುತ್ತದೆ. ಪುಲ್ಲಿ ಕೀಳುವ ಕೊಕ್ಕೆ ಹಾಕಿ ಎಳೆದರೂ ಹಳೆಯ ಗೀರಿನ ಮೇಲೆ ಹೊಸ ಗೀರು ಬೀಳುತ್ತದೆ. ನಾನು ಎದ್ದು ಅಡ್ಡ ನಿಂತೆ.

"ಇದನ್ನ ಯಾರೂ ಮುಟ್ಟಂಗಿಲ್ಲ. ನಾನು ಗರಗಸದಲ್ಲಿ ಕುಯ್ತೀನಿ."

ಯಜಮಾನರು ಒಳಗೆ ಬಂದರು. "ಎರಕದ ಪುಲ್ಲೀನ ಕೈಯಾಗ್ ಕುಯ್ತೀಯೇನಪ್ಪ? ತಲೆ ಕೆಟ್ಟೈತಾ? ಲಾರಿಯೋನು ನಾಳಿಕ್ ಬತ್ತಾವ್ನೆ."

"ಬಂದ್ರೆ ಕಾಯ್ಲಿ. ಯಜಮಾನ್ರೇ, ಈ ಪುಲ್ಲಿ ಕಚ್ಚೈತೆ. ಅವತ್ತೇ ಕಚ್ಚಿತ್ತೋ, ಆಮೇಲೆ ತುಕ್ಕಲ್ಲಿ ಕಚ್ತೋ, ಸೀಳಿ ನೋಡುದ್ರೆ ಗೊತ್ತಾಗ್ತದೆ. ನಿಮ್ ಕಣ್ಮುಂದೇನೇ ಸೀಳ್ತೀನಿ."

ಅವರ ಮುಖ ಬಿಗಿಯಿತು. "ನಮ್ ತಂಗಿ ಹೇಳ್ಕೊಟ್ಲಾ ನಿಂಗೆ?"

"ಅವ್ರು ಕೇಳುದ್ರು, ನಾನು ನೋಡ್ತಾ ಇದೀನಿ. ತುಕ್ಕು ಅಂತ ಕಂಡ್ರೆ ತುಕ್ಕು ಅಂತ್ಲೇ ಹೇಳ್ತೀನಿ."

"ತುಕ್ಕೇ ಬುಡು" ಅಂದರು. ಆದರೆ ಹೋಗಲಿಲ್ಲ. ಗೋಡೆಗೆ ಒರಗಿ ನಿಂತರು. ಗ್ಯಾಸಿನವನು ಗೊಣಗುತ್ತಾ ಸಿಲಿಂಡರ್ ಆಟೋಗೆ ಏರಿಸಿದ.

ಪುಲ್ಲಿಗಳಿದ್ದ ಶಾಫ್ಟನ್ನು ಇದ್ದ ಹಾಗೇ ಎತ್ತಿ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಸಡಿಲ ಪುಲ್ಲಿಯನ್ನು ಅಂಚಿನಿಂದ ನಡುವಿನ ಗುಂಭದವರೆಗೆ, ಎರಡು ಕಡೆಯಿಂದ ಕುಯ್ಯಬೇಕಿತ್ತು, ಒಳಗಿನ ಬುಷ್ಷಿಗೆ ಹಲ್ಲು ತಾಗದ ಹಾಗೆ. ಅವಸರ ಮಾಡಿದರೆ ಬ್ಲೇಡ್ ಮುರಿಯುತ್ತದೆ. ಮಾಡದಿದ್ದರೂ ಮುರಿಯುತ್ತಿತ್ತು. ತಿಪಟೂರಿನಿಂದ ತಂದಿದ್ದ ಬ್ಲೇಡುಗಳು ಖಾಲಿಯಾಗಿ ಮಾಯಸಂದ್ರಕ್ಕೆ ಆಳನ್ನು ಓಡಿಸಿದೆ. ಅಂಗೈ ಬೊಬ್ಬೆ ಬಂತು. ಯಜಮಾನರ ತಂಗಿ ಬಂದು ನೀರಿನ ಚೊಂಬಿಟ್ಟು ಎದುರಿಗೆ ಕೂತರು. ನನಗೊಂದು ಭಯ ಇತ್ತು, ಹೇಳಿಬಿಡುತ್ತೇನೆ: ಒಳಗೆ ಬರೀ ತುಕ್ಕಿದ್ದರೆ ಈ ತಾಯಿಗೆ ಎರಡನೇ ಸಲ ಅದೇ ಮಾತು ಹೇಳಬೇಕಾಗುತ್ತದೆ.

ಬಿಸಿಲು ತೋಟದ ಮೇಲೆ ಇಳಿಯುವ ಹೊತ್ತಿಗೆ ಎರಡೂ ಕಡೆ ಗೀರು ಬೇಕಾದಷ್ಟು ಆಳವಾಯಿತು. ಉಳಿಯಿಟ್ಟು ಒಂದೇ ಏಟು ಹಾಕಿದೆ. ಪುಲ್ಲಿ ಎರಡು ಹೋಳಾಯಿತು. ಬುಷ್ಷನ್ನೂ ಹಾಗೇ ಜೋಪಾನವಾಗಿ ಎರಡು ಹೋಳು ಮಾಡಿ ಬಿಡಿಸಿದೆ.

ತುಕ್ಕಿರಲಿಲ್ಲ. ಕಚ್ಚಿಕೊಂಡ ಕಾವಿಗೆ ಕರಗಿ ಇಳಿದು ಅಂಟಿಕೊಂಡಿದ್ದ ಎಣ್ಣೆಯೇ ತುಕ್ಕು ಬಾರದಂತೆ ಕಾದಿತ್ತು. ಶಾಫ್ಟಿನ ಸುತ್ತ ಹಿತ್ತಾಳೆ ಬಳಿದುಕೊಂಡಿತ್ತು, ತಿರುಗುವ ದಿಕ್ಕಿಗೇ, ಬಳೆಯಂತೆ ಸುತ್ತಿಕೊಂಡು. ಬುಷ್ಷಿನ ಒಳಮೈ ಕಿತ್ತುಹೋಗಿ, ಒಂದು ಪಕ್ಕ ಕಾದು ಕಪ್ಪಾಗಿತ್ತು. ನಿಂತ ಯಂತ್ರದಲ್ಲಿ ಹಿತ್ತಾಳೆ ಹೀಗೆ ಕೀಳುವುದಿಲ್ಲ. ಇದು ಓಡುವಾಗ ಕಚ್ಚಿದ್ದು. ಆ ಬೆಳಗಿನ ಮೇಲೆ ಮಿಲ್ಲು ಓಡಿಲ್ಲ.

ಇಷ್ಟನ್ನು ಯಜಮಾನರಿಗೆ ತೋರಿಸಿ ಹೇಳಿದೆ. ಅವರು ಬುಷ್ಷಿನ ಹೋಳನ್ನು ಕೈಗೆ ತಗೊಂಡರು. ಹೆಬ್ಬೆರಳಲ್ಲಿ ಗೀರು ಸವರಿದರು. ಮೂಗಿಗೆ ಹಿಡಿದರು.

"ಅಪ್ಪನೇ ಬುಡ್ತಿದ್ದ ಎಣ್ಣೆಯ" ಅಂದರು. "ದಿನಾ ಬೆಳಿಗ್ಗೆ ತಾನೇ ಬುಡ್ತಿದ್ದ. ನಾನು ಕಂಡಿವ್ನಿ." ಹೋಳನ್ನು ನನ್ನ ಕೈಗೆ ವಾಪಸು ಕೊಟ್ಟರು. "ಸರಿ ಕಣಪ್ಪ. ಹಂಗಾದ್ರೆ ಅವ್ಳ ಕೈ ಅಲ್ಯಾಕಿತ್ತು? ಕೋಲು ಆ ಕಡೀಕ್ ಯಾಕಿತ್ತು? ನಾನ್ ಸುಳ್ ಹೇಳ್ನಿಲ್ಲ. ಕಂಡಿದ್ನೇ ಹೇಳ್ದೆ."

"ನೀವು ಸುಳ್ ಹೇಳಿಲ್ಲ. ಬನ್ನಿ ಒಳೀಕೆ."

ಮಿಲ್ಲಿನೊಳಗೆ ಕೋಲಿನ ಹಿಡಿಕೆಗೆ ಡೀಸೆಲ್ ಬಿಟ್ಟು ತಟ್ಟಿ ಸಡಿಲ ಮಾಡಿದೆ. ಸಡಿಲ ಪುಲ್ಲಿ ಇದ್ದ ಕಡೆಗೆ ಎಳೆದು ನಿಲ್ಲಿಸಿದೆ. "ಈಗ ಬೆಲ್ಟ್ ತೆಗೆದೈತೆ. ಕಟ್ಟರು ನಿಂತೈತೆ. ನಿಮ್ ತಂದೆ ಕೈ ಒಳಗೈತೆ. ತಾನಾಗೇ ತಿರುಗ್ತು. ನೀವು ಇಲ್ ನಿಂತಿದೀರಿ. ಏನ್ ಮಾಡ್ತೀರಿ?"

ಅವರು ಕೋಲು ಹಿಡಿದರು. ತನ್ನ ಕಡೆಗೆ ಎಳೆದರು. ಅದು ಆಗಲೇ ಆ ತುದಿಯಲ್ಲಿತ್ತು, ಇನ್ನು ಬರಲು ಜಾಗವಿರಲಿಲ್ಲ. ಮತ್ತೆ ಎಳೆದರು. ಆಮೇಲೆ ಅವರ ಕೈ, ಯಾರೂ ಹೇಳಿಕೊಡದೆ, ಅದನ್ನು ಆಚೆಗೆ ತಳ್ಳಿತು. ಕೋಲು ಬಿಗಿ ಪುಲ್ಲಿ ಇದ್ದ ಕಡೆಗೆ ಹೋಗಿ ನಿಂತಿತು. ಅವರ ಕೈ ಅದರ ಮೇಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ತಂಗಿ ಮೆಲ್ಲಗೆ, "ನಿಲ್ಸಕ್ಕೇ ಹೋದೆ ಅಂತಿದ್ಲು ಕಣಣ್ಣ" ಅಂದರು.

ನಾನು ಹೇಳಬೇಕಾದ್ದನ್ನು ಹೇಳಿದೆ. ಕೈ ಏನು ಮಾಡಿತು ಅನ್ನುವುದಕ್ಕೆ ನಾನು ಸಾಕ್ಷಿಯಲ್ಲ. ಬೆಲ್ಟ್ ತೆಗೆದಿದ್ದರೂ ಅವತ್ತು ಈ ಕಟ್ಟರು ತಿರುಗುತ್ತಿತ್ತು ಅನ್ನುವಷ್ಟು ಮಾತ್ರ ಎಲ್ಲಿ ಬೇಕಾದರೂ ಹೇಳಬಲ್ಲೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕೋಲನ್ನು ಹಿಡಿದೇ ನಿಂತಿದ್ದರು. ನಾನು ಇಬ್ಬರನ್ನೂ ಅಲ್ಲೇ ಬಿಟ್ಟು ಅಂಗಳಕ್ಕೆ ಬಂದು ಸಾಮಾನು ಎತ್ತಿಟ್ಟುಕೊಳ್ಳತೊಡಗಿದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಯಜಮಾನರ ದನಿ ಬಂತು.

"ಅವ್ವಂಗೆ ಏನ್ ಇಷ್ಟ ಇತ್ತು?"

ತಂಗಿ ಬಾಗಿಲಿನಿಂದ ಅಣ್ಣನ ಹತ್ತಿರಕ್ಕೆ ಹೋದರು.

"ಎಲೆ ಮೇಲೆ ಇಕ್ಬೇಕಲ್ಲ. ನಂಗೇನೂ ಗೊತ್ತಿಲ್ಲ ಕಣೇ."

ಆಗ ತಂಗಿ ಅತ್ತರು. ಅಳುತ್ತಲೇ ಹೇಳಿದರು: ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಕೊಬ್ಬರಿಯನ್ನು ಅವ್ವ ಆಮೇಲೆ ಬಾಯಿಗಿಟ್ಟಿರಲಿಲ್ಲ. ತಲೆಗೂ ಹರಳೆಣ್ಣೆಯೇ, ತನಗೂ ಮಗಳಿಗೂ. "ಅವ್ಳ ಎಲೆಗೆ ಕಾಯಿ ಇಕ್ಬೇಡಣ್ಣ."

ಲಾರಿ ಬಂದು ಕಬ್ಬಿಣ ಒಯ್ದಿತು. ಬುಷ್ಷಿನ ಎರಡು ಹೋಳನ್ನು ಮಾತ್ರ ತಂಗಿ ಸೆರಗಿನಲ್ಲಿ ಕಟ್ಟಿಕೊಂಡರು. ಅಮಾವಾಸ್ಯೆಯ ದಿನ ಉಣ್ಣಲು ಬಾ ಎಂದು ನನಗೂ ಹೇಳಿದ್ದರು. ಇಂಥ ಕರೆಗೆ ನಾನು ಹೋಗುವವನಲ್ಲ, ಅಂದು ಹೋದೆ. ನಡುಮನೆಯಲ್ಲಿ ಎಲೆಗಳನ್ನು ಸಾಲಾಗಿ ಹಾಕಿದ್ದರು. ಅಪ್ಪನ ಎಲೆಯಲ್ಲಿ ವಡೆ, ಪಾಯಸ, ಕೋಳಿ ಸಾರು, ಒಂದು ಕಟ್ಟು ಬೀಡಿ. ಅತ್ತೆಯ ಎಲೆಯಲ್ಲಿ ಎಲೆಅಡಿಕೆ, ಕಡ್ಡಿಪುಡಿ. ಎಲ್ಲದರ ಮೇಲೂ ತೆಂಗಿನಕಾಯಿಯ ಹೋಳು. ಅಪ್ಪನ ಪಕ್ಕದ ಎಲೆಯಲ್ಲಿ ರಾಗಿ ರೊಟ್ಟಿ, ಕಪ್ಪಗಿನ ಚಟ್ನಿ, ಒಂದು ಹೊಸ ಸೀರೆ. ಕಾಯಿ ಇರಲಿಲ್ಲ.

ಎಡೆಯಾದ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಮನೆಯವರೆಲ್ಲ ಸ್ವಲ್ಪ ಹೊತ್ತು ಬಾಗಿಲು ಎಳೆದುಕೊಂಡು ಹೊರಗಿರುತ್ತಾರೆ. ಎಲ್ಲರೂ ಎದ್ದರು. ಯಜಮಾನರು ಮಾತ್ರ ಹೋಗದೆ, ಮೊಳೆ ಜಡಿದ ನಡುಬಾಗಿಲಿನ ಮುಂದೆ ನಿಂತು ನನ್ನನ್ನು ಕರೆದರು.

"ಇದ್ನ ಒಸಿ ತೆಗೆದ್ಕೊಡಪ್ಪ. ಅವತ್ತು ಅವ್ಳು ಇತ್ಲಾಗಿಂದ್ಲೇ ಕಣೋ ಮಿಲ್ಗೆ ಹೋಗಿದ್ದು. ಈಗಿನ್ ಮುಂದ್ಲ ಬಾಗ್ಲು ಆಮೇಲ್ ಇಡ್ಸಿದ್ದು, ಅವ್ಳಿಗ್ ಗೊತ್ತಾಗಕಿಲ್ಲ."

ಗಾಡಿಯಿಂದ ಚೀಲ ತಂದೆ. ಅಡ್ಡಪಟ್ಟಿ ಎಬ್ಬಿಸಿ ಒಂದೊಂದೇ ಮೊಳೆ ಕಿತ್ತೆ. ತಿರುಗಣಿ ಬಿಗಿದುಕೊಂಡಿತ್ತು. ಇನ್ನೂ ಒಳಗೇ ಇದ್ದ ಯಜಮಾನರ ಸೊಸೆ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಚಾಚಿದಳು. ಯಜಮಾನರು ಅವಳ ಕೈಯನ್ನು ತಡೆದರು. ನಾನು ನನ್ನ ಚೀಲದಿಂದ ಎಂಜಿನ್ ಆಯಿಲ್ ತೆಗೆದು ತಿರುಗಣಿಗೆ ಬಿಟ್ಟೆ.

ಬಾಗಿಲು ತೆರೆಯಿತು. ಆಚೆ ಮಿಲ್ಲು ಖಾಲಿ, ಬೆಳಕು ನೇರ ಎಲೆಗಳವರೆಗೆ ಬಂತು. ಯಜಮಾನರು ಬಾಗಿಲು ಮತ್ತೆ ಮುಚ್ಚಿಕೊಳ್ಳದಂತೆ ಒಂದು ಕಲ್ಲು ಒತ್ತರಿಸಿಟ್ಟು, ತಂಗಿಯ ಪಕ್ಕದಲ್ಲಿ ಹೊರಗೆ ಹೋಗಿ ಕೂತರು.